ಗಲ್ಲಾ ಸರಿ ಇದೆ, ಬಿಲ್ಲು ಸರಿ ಇದೆ, ಸಾಮಾನು ಮಾತ್ರ ಕಡಿಮೆ: ಅಂಗಡಿಯೊಳಗಿನ ಕಳವು ಹಿಡಿಯುವುದು ಹೇಗೆ?

ಬದಿಯಡ್ಕದ ಅಂಗಡಿಯವ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನಮ್ಮದೊಂದು ಸಣ್ಣ ಸೂಪರ್ ಮಾರ್ಕೆಟ್ ಉಂಟು. ಅಪ್ಪನ ಕಾಲದಲ್ಲಿ ಜೀನಸಿನ ಅಂಗಡಿ ಆಗಿತ್ತು. ಈಗ ಎರಡು ಬಿಲ್ಲಿಂಗ್ ಕೌಂಟರ್, ಹಿಂದೆ ಗೋದಾಮು, ಕೆಲಸಕ್ಕೆ ಒಂಬತ್ತು ಜನ. ಅರ್ಧದಷ್ಟು ಜನ ಅಪ್ಪನ ಕಾಲದಿಂದಲೂ ಇರುವವರು.

ಮಾರ್ಚ್ ಕೊನೆಗೆ ಸ್ಟಾಕ್ ತೆಗೆದಾಗ ಲೆಕ್ಕಕ್ಕೂ ಕಪಾಟಿಗೂ ತಾಳೆ ಆಗಲಿಲ್ಲ. ಸ್ವಲ್ಪ ಹೆಚ್ಚುಕಮ್ಮಿ ಎಲ್ಲ ವರ್ಷವೂ ಇರುತ್ತದೆ. ಈ ಸಲ ಹಾಗಲ್ಲ. ಗೇರುಬೀಜ, ತುಪ್ಪ, ಏಲಕ್ಕಿ, ಮಕ್ಕಳ ಹಾಲಿನ ಪುಡಿ, ಶೇವಿಂಗ್ ಬ್ಲೇಡು, ಹೀಗೆ ಬೆಲೆ ಜಾಸ್ತಿ ಇರುವ ಸಾಮಾನೇ ಕಡಿಮೆ. ಅಕ್ಕಿ, ಸಕ್ಕರೆ, ಉಪ್ಪು ಎಲ್ಲ ಹೆಚ್ಚುಕಡಿಮೆ ಸರಿ ಇದೆ. ಗಲ್ಲಾದ ದುಡ್ಡು ಮಾತ್ರ ದಿನಾ ಬಿಲ್ಲಿಗೆ ಸರಿಯಾಗಿ ಕೂಡುತ್ತದೆ. ಒಂದು ರೂಪಾಯಿ ಆಚೀಚೆ ಇಲ್ಲ.

ಮನೆಯವರಿಗೆಲ್ಲ ಒಬ್ಬ ಹುಡುಗನ ಮೇಲೆ ಸಂಶಯ. ಅವನು ಇತ್ತೀಚೆಗೆ ಹೊಸ ಬೈಕ್ ತೆಗೆದಿದ್ದಾನೆ. ಎರಡು ಏಟು ಹಾಕಿದರೆ ಬಾಯಿ ಬಿಡುತ್ತಾನೆ ಅಂತ ಭಾವ. ಎಲ್ಲರನ್ನೂ ದೈವದ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸು ಅಂತ ಅಮ್ಮ. ನನಗೆ ಎರಡೂ ಸರಿ ಕಾಣುವುದಿಲ್ಲ. ಹಾಗಂತ ಸುಮ್ನೆ ಕೂರಲಿಕ್ಕೂ ಆಗುವುದಿಲ್ಲ. ಅನುಭವ ಇರುವವರು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಉಪ್ಪಳ, ಗಲ್ಫ್ ಬಿಟ್ಟು ಬಂದವ

ಕೊಲ್ಲಿಯ ಒಂದು ದೊಡ್ಡ ಹೈಪರ್ ಮಾರ್ಕೆಟಿನಲ್ಲಿ ನಷ್ಟ ತಡೆಯುವ ವಿಭಾಗದಲ್ಲೇ ನನ್ನ ಪ್ರಾಯ ಕಳೆದದ್ದು. ಅಲ್ಲಿ ಹೊಸಬರಿಗೆ ಮೊದಲು ಕಲಿಸುವುದು ಇಷ್ಟು. ಯಾರು ಅಂತ ಕೊನೆಗೆ ಕೇಳಬೇಕು. ಮೊದಲು ಯಾವ ಸಾಮಾನು, ಆಮೇಲೆ ಯಾವ ಹೊತ್ತು, ಆಮೇಲೆ ಯಾವ ಬಾಗಿಲು. ಇವು ಮೂರು ಗೊತ್ತಾದರೆ ಹೆಸರು ಹೆಚ್ಚಾಗಿ ತಾನೇ ಬರುತ್ತದೆ. ನೀವು ಹೆಸರಿನಿಂದ ಶುರು ಮಾಡಿದ್ದೀರಿ. ಹೆಸರು ಹಿಡಿದುಕೊಂಡು ಹೊರಟರೆ ಆ ಹುಡುಗ ಚಹಾಕ್ಕೆ ಹೋದದ್ದೂ ಕಳ್ಳತನದ ಹಾಗೆ ಕಾಣುತ್ತದೆ. ಬೈಕಿನ ವಿಷಯ ಇವತ್ತೇ ಬಿಟ್ಟುಬಿಡಿ. ಸಾಲದಲ್ಲಿ ಬೈಕ್ ಸಿಗದ ಊರು ಯಾವುದು ಹೇಳಿ.

ಕಡಿಮೆ ಬಂದದ್ದೆಲ್ಲ ಕಳವಲ್ಲ. ನಾವು ಇದನ್ನು ಶ್ರಿಂಕೇಜ್ ಅನ್ನುತ್ತೇವೆ. ಲೆಕ್ಕ ಸುಲಭ. ವರ್ಷದ ಮೊದಲಿನ ಸ್ಟಾಕಿಗೆ ಖರೀದಿ ಕೂಡಿಸಿ. ಅದರಿಂದ ಮಾರಿದ್ದನ್ನು ಕಳೆಯಿರಿ, ಮಾರಿದ ದರದಲ್ಲಿ ಅಲ್ಲ, ಕೊಂಡ ದರದಲ್ಲಿ. ಉಳಿದದ್ದು ಕಪಾಟಿನಲ್ಲಿ ಇರಬೇಕಾದದ್ದು. ಅದಕ್ಕೂ ಎಣಿಸಿ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವೇ ಶ್ರಿಂಕೇಜ್. ಅದರೊಳಗೆ ಗಿರಾಕಿ ಕದ್ದದ್ದು, ಕೆಲಸದವರು ಕದ್ದದ್ದು, ಸಪ್ಲೈಯವರು ಕಡಿಮೆ ಇಳಿಸಿದ್ದು, ಬಿಲ್ಲಿಂಗಿನಲ್ಲಿ ತಪ್ಪು ಕೋಡ್ ಒತ್ತಿದ್ದು, ಇಲಿ ತಿಂದದ್ದು, ತಾರೀಕು ಮೀರಿ ಬಿಸಾಡಿ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಎಲ್ಲವೂ ಇರುತ್ತದೆ. ಬೆಲ್ಲ, ಒಣಮೆಣಸು, ಒಣಮೀನು ಬೇಸಿಗೆಯಲ್ಲಿ ಒಣಗಿ ತೂಕ ಇಳಿಯುತ್ತದೆ. ಮಳೆಗಾಲದಲ್ಲಿ ನೀರು ಎಳೆದುಕೊಂಡು ಏರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಆದರೆ ನಿಮ್ಮಲ್ಲಿ ಅಕ್ಕಿ ಸಕ್ಕರೆ ಸರಿ ಇದ್ದು ತುಪ್ಪ, ಹಾಲಿನ ಪುಡಿ, ಬ್ಲೇಡು ಕಡಿಮೆ ಅಂದಿರಿ. ಸಣ್ಣ ಗಾತ್ರ, ಜಾಸ್ತಿ ಬೆಲೆ, ಹೊರಗೆ ಕೂಡಲೇ ಮಾರಲಿಕ್ಕೆ ಆಗುತ್ತದೆ. ಇದು ಇಲಿಯ ಕೆಲಸ ಅಲ್ಲ, ಬರೆಯುವ ತಪ್ಪೂ ಅಲ್ಲ.

ಇನ್ನೊಂದು. ಗಲ್ಲಾ ಒಂದು ರೂಪಾಯಿ ಆಚೀಚೆ ಇಲ್ಲ ಅಂತ ಸಮಾಧಾನದಿಂದ ಬರೆದಿದ್ದೀರಿ. ನನಗೆ ಜಾಸ್ತಿ ಸಂಶಯ ಬಂದದ್ದು ಅಲ್ಲೇ. ದಿನವಿಡೀ ಚಿಲ್ಲರೆ ಕೊಡುವ ಕೌಂಟರಿನಲ್ಲಿ ಐದು ಹತ್ತು ರೂಪಾಯಿ ಆಚೀಚೆ ಆಗಲೇಬೇಕು. ದಿನಾ ಸರಿಯಾಗಿ ಕೂಡುತ್ತದೆ ಅಂದರೆ ಎಣಿಸುವ ಮೊದಲೇ ಕಂಪ್ಯೂಟರಿನ ಮೊತ್ತ ನೋಡಿಕೊಂಡು, ಅಷ್ಟು ಇಟ್ಟು, ಮೇಲಿನದ್ದು ತೆಗೆಯುತ್ತಿರಬಹುದು. ಇವತ್ತಿನಿಂದ ಎಣಿಸುವವರಿಗೆ ಆ ಮೊತ್ತ ಕಾಣಬಾರದು. ಅವರು ಎಣಿಸಿ ಚೀಟಿಯಲ್ಲಿ ಬರೆದು ಕೊಡಲಿ. ಆಮೇಲೆ ನೀವು ತಾಳೆ ನೋಡಿ. ಕಡಿಮೆ ಬಂದರೂ ಬರೆದಿಡಿ, ಜಾಸ್ತಿ ಬಂದರೂ ಬರೆದಿಡಿ. ಜಾಸ್ತಿ ಅಂದರೆ ಬಿಲ್ಲು ಮಾಡದೆ ತೆಗೆದುಕೊಂಡ ದುಡ್ಡು, ಹೊರಗೆ ಹೋಗಲಿಕ್ಕೆ ಕಾಯುತ್ತಿರುವುದು ಅಂತ ಆಗಿರಬಹುದು.

ಬದಿಯಡ್ಕದ ಅಂಗಡಿಯವ

ಉಪ್ಪಳದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಮೊತ್ತ ಎಲ್ಲರಿಗೂ ಕಾಣುತ್ತದೆ, ಹೌದು. ಎರಡು ಕೌಂಟರಿಗೂ ಒಂದೇ ಪಾಸ್‌ವರ್ಡ್. ಬಿಲ್ಲು ಕ್ಯಾನ್ಸಲ್ ಮಾಡಲು ನನ್ನ ಪಾಸ್‌ವರ್ಡ್ ಬೇಕು, ಆದರೆ ರಶ್ ಇರುವಾಗ ಪ್ರತಿ ಸಲ ನಾನೇ ಬರಲಿಕ್ಕೆ ಆಗದೆ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ. ಕ್ಯಾಮರಾ ನಾಲ್ಕು ಉಂಟು. ಗೋದಾಮಿನಲ್ಲಿ ಇಲ್ಲ.

ಕಾಸರಗೋಡು, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿ ಕೊಡುವವ

ಹಾಗಾದರೆ ಮೊದಲು ಪಾಸ್‌ವರ್ಡ್. ಒಬ್ಬೊಬ್ಬರಿಗೆ ಒಂದೊಂದು. ಇದು ಕೆಲಸದವರ ಮೇಲೆ ಸಂಶಯ ಇದ್ದದ್ದಕ್ಕೆ ಅಲ್ಲ, ಅವರನ್ನು ಉಳಿಸಲಿಕ್ಕೆ. ಒಂದೇ ಪಾಸ್‌ವರ್ಡ್ ಇದ್ದರೆ ನಾಳೆ ಏನೇ ಆದರೂ ಯಾರೂ ತಾನಲ್ಲ ಅಂತ ತೋರಿಸಲಿಕ್ಕೆ ಆಗುವುದಿಲ್ಲ.

ಕ್ಯಾಶ್ ರಿಜಿಸ್ಟರ್ ಹುಟ್ಟಿದ್ದೇ ಈ ಸಮಸ್ಯೆಯಿಂದ. 1879ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಡೇಟನ್ ಊರಿನಲ್ಲಿ ಜೇಮ್ಸ್ ರಿಟ್ಟಿ ಅಂತ ಒಬ್ಬ ಮದ್ಯದಂಗಡಿ ಇಟ್ಟಿದ್ದ. ವ್ಯಾಪಾರ ಚೆನ್ನಾಗಿದ್ದರೂ ಕೆಲಸದವರು ದುಡ್ಡು ಜೇಬಿಗೆ ಹಾಕಿ ಹಾಕಿ ಅಂಗಡಿ ನಷ್ಟದಲ್ಲಿತ್ತು. ಅದಕ್ಕೆ ಅವನು ಮತ್ತು ಅವನ ಸಹೋದರ ಸೇರಿ ಪ್ರತಿ ಮಾರಾಟ ಎಣಿಸುವ ಯಂತ್ರ ಮಾಡಿದರು. ಆಮೇಲೆ ಬಂದ ಯಂತ್ರಗಳಲ್ಲಿ ಗಲ್ಲಾ ತೆರೆದರೆ ಗಂಟೆ ಹೊಡೆಯುವ ಹಾಗೆ ಮಾಡಿದರು. ಇವತ್ತಿನ ನಮ್ಮ ಸಾಫ್ಟ್‌ವೇರ್ ಕೂಡ ಅದೇ ಗಂಟೆ. ಆದರೆ ನಾವು ಕೇಳುವುದಿಲ್ಲ, ರಿಪೋರ್ಟ್ ತೆರೆದೇ ನೋಡುವುದಿಲ್ಲ.

ನೀವು ತೆಗೆಯಬೇಕಾದ ರಿಪೋರ್ಟುಗಳು ಇವು. ಕ್ಯಾನ್ಸಲ್ ಆದ ಬಿಲ್ಲುಗಳು. ಬಿಲ್ಲಿನ ನಡುವಿನಿಂದ ಅಳಿಸಿದ ಐಟಂಗಳು. ಹೋಲ್ಡ್‌ನಲ್ಲಿಟ್ಟು ಮತ್ತೆ ಅಳಿಸಿದ ಬಿಲ್ಲುಗಳು. ವಾಪಸಾತಿ. ಕೈಯಿಂದ ಹಾಕಿದ ಡಿಸ್ಕೌಂಟ್. ಮಾರಾಟ ಇಲ್ಲದೆ ಗಲ್ಲಾ ತೆರೆದದ್ದು.

ಇದರಲ್ಲಿ ಹೋಲ್ಡ್ ಬಗ್ಗೆ, ಅಂದರೆ ಬಿಲ್ಲು ಮುಗಿಸದೆ ಆಮೇಲಿಗೆ ಅಂತ ಪಕ್ಕಕ್ಕೆ ಇಡುವುದರ ಬಗ್ಗೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಧಣಿಗಳ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ಸಂಜೆ ಬಸ್ಸು ಬರುವ ಹೊತ್ತು, ಗಿರಾಕಿಗೆ ಅವಸರ. ಸಾಮಾನು ಸ್ಕ್ಯಾನ್ ಆಗುತ್ತದೆ, ಪರದೆಯಲ್ಲಿ 340 ಅಂತ ಬರುತ್ತದೆ. ಗಿರಾಕಿ ಐನೂರರ ನೋಟು ಕೊಡುತ್ತಾರೆ, 160 ವಾಪಸ್ ತೆಗೆದುಕೊಂಡು ಬಿಲ್ಲು ಕೇಳದೆ ಓಡುತ್ತಾರೆ. ಕೌಂಟರಿನವರು ಪ್ರಿಂಟ್ ಒತ್ತುವ ಬದಲು ಹೋಲ್ಡ್ ಒತ್ತುತ್ತಾರೆ. ರಾತ್ರಿ ಬಾಗಿಲು ಹಾಕುವ ಮೊದಲು ಹೋಲ್ಡ್‌ನಲ್ಲಿದ್ದದ್ದನ್ನೆಲ್ಲ ಅಳಿಸುತ್ತಾರೆ. ಆ ದುಡ್ಡು ಜೇಬಿಗೆ. ಗಲ್ಲಾ ಸರಿ, ಬಿಲ್ಲು ಸರಿ, ಸಾಮಾನು ಕಡಿಮೆ. ನೀವು ಮೇಲೆ ಬರೆದದ್ದೇ ಅಲ್ವಾ ಇದು?

ತಕ್ಕಡಿಯ ಕಡೆಗೂ ನೋಡಿ. ಲೇಬಲ್ ಬರುವ ತಕ್ಕಡಿಯಲ್ಲಿ ಈರುಳ್ಳಿಯ ಕೋಡ್ ಒತ್ತಿ ಗೇರುಬೀಜ ತೂಗಿದರೆ ಕೌಂಟರಿನಲ್ಲಿ ಸ್ಕ್ಯಾನ್ ಸರಿಯಾಗಿಯೇ ಆಗುತ್ತದೆ. ಗೇರುಬೀಜ ಕಡಿಮೆ ಆಗಿ ಈರುಳ್ಳಿ ಲೆಕ್ಕಕ್ಕಿಂತ ಜಾಸ್ತಿ ಉಳಿದರೆ ಇದೇ ಕತೆ. ಕಡಿಮೆ ಬಂದ ಪಟ್ಟಿಯ ಜೊತೆ ಜಾಸ್ತಿ ಬಂದ ಪಟ್ಟಿಯನ್ನೂ ಇಟ್ಟುಕೊಂಡು ಓದಿ.

ಕ್ಯೂಆರ್ ಬಗ್ಗೆಯೂ ಹೇಳಿಬಿಡುತ್ತೇನೆ. ನಿಮ್ಮ ಸ್ಟಿಕರಿನ ಮೇಲೆ ಬೇರೆಯವರ ಸ್ಟಿಕರ್ ಅಂಟಿಸಿದರೆ ದುಡ್ಡು ಅವರಿಗೆ ಹೋಗುತ್ತದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಪ್ರತಿ ಕ್ಯೂಆರಿಗೂ ನಿಮ್ಮ ಫೋನಿನಿಂದ 1 ರೂಪಾಯಿ ಹಾಕಿ. ಸೌಂಡ್ ಬಾಕ್ಸ್ ಮಾತಾಡಿದರೆ ಸರಿ.

ಕುಂಬಳೆ ವ್ಯಾಪಾರಿ

ಇಷ್ಟೆಲ್ಲ ರಿಪೋರ್ಟ್ ನೋಡುತ್ತಾ ಕೂತರೆ ವ್ಯಾಪಾರ ಯಾವಾಗ ಮಾಡುವುದು ಮಾರಾಯ್ರೇ? ನಮ್ಮಲ್ಲಿ ಒಂದೇ ನಿಯಮ. ಸ್ಟಾಕ್ ಕಡಿಮೆ ಬಂದರೆ ಎಲ್ಲರ ಸಂಬಳದಿಂದ ಸಮನಾಗಿ ಕಡಿತ. ಆಗ ಅವರವರೇ ಒಬ್ಬರ ಮೇಲೊಬ್ಬರು ಕಣ್ಣಿಡುತ್ತಾರೆ. ಸಂಜೆ ಹೋಗುವಾಗ ಬ್ಯಾಗ್ ತೆರೆದು ತೋರಿಸಿಯೇ ಹೋಗಬೇಕು. ಬೇಲಿಯೇ ಹೊಲ ಮೇಯುವಾಗ ಮೆತ್ತಗೆ ಮಾತಾಡಿ ಆಗುವುದಿಲ್ಲ. ಹೆದರಿಕೆ ಬೇಕೇ ಬೇಕು.

ಹೊಸಂಗಡಿ, ಜವಳಿ ಅಂಗಡಿಯಲ್ಲಿ ಕೆಲಸ

ಕುಂಬಳೆಯವರೇ, ನಾನು ಆ ಬ್ಯಾಗ್ ತೆರೆದು ತೋರಿಸುವ ಸಾಲಿನಲ್ಲಿ ನಿಲ್ಲುವವಳು. ಆದ್ದರಿಂದ ನನ್ನ ಮಾತನ್ನೂ ಕೇಳಿ.

ಮೊದಲು ನಾನಿದ್ದ ಅಂಗಡಿಯಲ್ಲಿ ಇದೇ ನಿಯಮ ಇತ್ತು. ಹಬ್ಬದ ಸಮಯದಲ್ಲಿ ಗಿರಾಕಿಗಳು ತುಂಬಿ ತುಳುಕುವಾಗ ಒಂದೆರಡು ಸೀರೆ ಹೋಗುತ್ತಿತ್ತು. ಟ್ರಯಲ್ ರೂಮಿಗೆ ಮೂರು ಚೂಡಿದಾರ ತೆಗೆದುಕೊಂಡು ಹೋಗಿ ಎರಡು ವಾಪಸ್ ತರುವವರು ಇರುತ್ತಾರೆ. ಅದನ್ನು ನೋಡಿಕೊಳ್ಳಲಿಕ್ಕೆ ಜನ ಇಡುತ್ತಿರಲಿಲ್ಲ. ತಿಂಗಳ ಕೊನೆಗೆ ನಮ್ಮೆಲ್ಲರ ಸಂಬಳದಿಂದ ಹೋಗುತ್ತಿತ್ತು. ಕದಿಯದವರಿಗೂ ಶಿಕ್ಷೆ ಅಂತಾದರೆ ಕದಿಯದೆ ಇರುವುದಕ್ಕೆ ಅಲ್ಲಿ ಏನು ಬೆಲೆ ಉಳಿಯಿತು? ಒಬ್ಬಳು ಬಾಯಿ ಬಿಟ್ಟು ಹೇಳಿದಳು, "ಹೇಗೂ ಸಂಬಳದಿಂದ ಕಟ್ ಆಗುತ್ತದೆ, ನಾನೂ ಒಂದು ತೆಗೆದುಕೊಂಡರೆ ಏನಾಯಿತು" ಅಂತ. ಅವಳು ಹುಟ್ಟಾ ಕಳ್ಳಿ ಅಲ್ಲ. ನಿಯಮವೇ ಅವಳ ಬಾಯಲ್ಲಿ ಆ ಮಾತು ಇಟ್ಟದ್ದು.

ಬ್ಯಾಗ್ ನೋಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಗಿರಾಕಿಗಳ ಎದುರು ನೋಡಬೇಡಿ. ಹೆಂಗಸರ ಬ್ಯಾಗನ್ನು ಹೆಂಗಸರೇ ನೋಡಲಿ. ಮ್ಯಾನೇಜರ ಬ್ಯಾಗೂ ತೆರೆಯಲಿ, ಧಣಿಯ ತಮ್ಮನ ಬ್ಯಾಗೂ ತೆರೆಯಲಿ. ಈಗಿನ ಅಂಗಡಿಯಲ್ಲಿ ಹಾಗೆ ಉಂಟು, ಯಾರಿಗೂ ಬೇಸರ ಇಲ್ಲ. ಬರುವಾಗಲೇ ಬ್ಯಾಗ್ ಇಡಲು ಬೀಗ ಇರುವ ಕಪಾಟು ಕೊಟ್ಟಿದ್ದಾರೆ. ನಮ್ಮ ಸ್ವಂತ ಕೊಡೆ, ಶಾಲು ಏನಿದ್ದರೂ ಒಳಗೆ ಬರುವಾಗ ಪುಸ್ತಕದಲ್ಲಿ ಬರೆಸುತ್ತಾರೆ. ಹೋಗುವಾಗ ವಾದ ಇಲ್ಲ.

ಕಲ್ಲಿಕೋಟೆಯ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರು ಕೂತುಕೊಳ್ಳುವ ಹಕ್ಕಿಗೇ ವರ್ಷಗಟ್ಟಲೆ ಹೋರಾಡಬೇಕಾಯಿತು. 2018ರಲ್ಲಿ ಕೇರಳ ಸರಕಾರ ಕಾನೂನು ತಿದ್ದಿದ ಮೇಲೆ ನಮಗೆ ಸ್ಟೂಲ್ ಬಂತು. ಇಡೀ ದಿನ ನಿಲ್ಲಿಸಿ, ಸಂಬಳ ತಡ ಮಾಡಿ, ಸಂಜೆ ಕಳ್ಳರ ಹಾಗೆ ಸಾಲು ನಿಲ್ಲಿಸಿದರೆ ಅಂಗಡಿ ನಮ್ಮದು ಅನ್ನುವ ಭಾವನೆ ಎಲ್ಲಿಂದ ಬರಬೇಕು? ಒಳಗೆ ಏನು ನಡೆಯುತ್ತದೆ ಅಂತ ನಮಗೆ ಗೊತ್ತಿರುತ್ತದೆ. ಹೇಳಿದರೆ ನಮ್ಮ ಹೆಸರು ಹೊರಗೆ ಬರುವುದಿಲ್ಲ ಅನ್ನುವ ನಂಬಿಕೆ ಇದ್ದರೆ ಹೇಳುತ್ತೇವೆ.

ಉಪ್ಪಳ, ಗಲ್ಫ್ ಬಿಟ್ಟು ಬಂದವ

ಅಕ್ಕ ಹೇಳಿದ ಕೊನೆಯ ಮಾತನ್ನು ಎಲ್ಲ ಧಣಿಗಳೂ ಬರೆದಿಟ್ಟುಕೊಳ್ಳಬೇಕು. ವಂಚನೆ ತನಿಖೆ ಮಾಡುವವರ ಎಸಿಎಫ್‌ಇ ಅಂತ ಒಂದು ಅಂತಾರಾಷ್ಟ್ರೀಯ ಸಂಘ ಉಂಟು. ಅವರ 2024ರ ವರದಿಯಲ್ಲಿ ಸಂಸ್ಥೆಗಳೊಳಗಿನ ವಂಚನೆಗಳಲ್ಲಿ 43 ಶೇಕಡಾ ಬಯಲಾದದ್ದು ಯಾರೋ ಕೊಟ್ಟ ಸುಳಿವಿನಿಂದ. ಹಾಗೆ ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸದವರೇ. ಕ್ಯಾಮರಾ, ಆಡಿಟ್ ಎಲ್ಲ ಅದರ ಹಿಂದೆ.

ಡೊನಾಲ್ಡ್ ಕ್ರೆಸ್ಸಿ ಅಂತ ಅಪರಾಧ ಶಾಸ್ತ್ರದ ಒಬ್ಬ ವಿದ್ವಾಂಸರು ಜೈಲಿನಲ್ಲಿದ್ದ ಹಣ ತಿಂದವರನ್ನೇ ಮಾತಾಡಿಸಿ ನೋಡಿದ್ದರು. ಮೂರು ಸಂಗತಿ ಸಿಕ್ಕಿತು. ಬೇರೆಯವರಿಗೆ ಹೇಳಲಾಗದ ದುಡ್ಡಿನ ಕಷ್ಟ, ತೆಗೆಯಲಿಕ್ಕೆ ಸಿಕ್ಕಿದ ಅವಕಾಶ, ತಾನು ಮಾಡುತ್ತಿರುವುದು ತಪ್ಪಲ್ಲ ಅಂತ ತನಗೆ ತಾನೇ ಕೊಟ್ಟುಕೊಂಡ ಸಮಾಧಾನ. ಆ ಜವಳಿ ಅಂಗಡಿಯ ಸಂಬಳ ಕಡಿತ ಮೂರನೆಯದನ್ನು ಕೈಗೆ ಕೊಟ್ಟಿದೆ. ಕುಂಬಳೆಯವರೇ, ನಿಮ್ಮ ನಿಯಮ ಕಳವು ಕಡಿಮೆ ಮಾಡಿದೆ ಅಂತ ಲೆಕ್ಕ ಹಾಕಿ ನೋಡಿದ್ದೀರಾ? ಕಡಿತದಿಂದ ನಷ್ಟ ತುಂಬುತ್ತದೆ, ಅಷ್ಟೇ. ಕಳವು ಅಲ್ಲೇ ಉಂಟು.

ಕಾಸರಗೋಡು, ವಕೀಲ

ಸಂಬಳ ಕಡಿತದ ಬಗ್ಗೆ ಕಾನೂನು ಏನು ಹೇಳುತ್ತದೆ ಅಂತ ಹೇಳುತ್ತೇನೆ. ಒಬ್ಬರ ವಶಕ್ಕೆ ಅಂತಲೇ ಒಪ್ಪಿಸಿದ ಸಾಮಾನು, ಅವರ ಅಜಾಗ್ರತೆಯಿಂದ ಅಥವಾ ತಪ್ಪಿನಿಂದ ಹೋಯಿತು ಅಂತಾದರೆ, ಅವರ ಉತ್ತರ ಕೇಳಿದ ಮೇಲೆ ಮಾತ್ರ ಕಡಿತ ಮಾಡಬಹುದು. ಎಲ್ಲರಿಂದ ಸಮನಾಗಿ ಕಡಿತ ಅನ್ನುವುದಕ್ಕೆ ಅಲ್ಲಿ ಜಾಗ ಇಲ್ಲ. ಯಾರಾದರೂ ಲೇಬರ್ ಆಫೀಸಿಗೆ ಹೋದರೆ ಉತ್ತರ ಕೊಡಬೇಕಾದವರು ಧಣಿ.

ಬದಿಯಡ್ಕದವರ ಭಾವನಿಗೆ ಒಂದು ಮಾತು. ಹೊಡೆಯುವುದು ಅಪರಾಧ. ಕೋಣೆಯಲ್ಲಿ ಬಾಗಿಲು ಹಾಕಿ ಕೂರಿಸಿದರೆ ಅದೂ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್, 1 ವರ್ಷದ ವರೆಗೆ ಜೈಲು. ಫೋಟೋ ವಾಟ್ಸಾಪ್ ಗುಂಪಿಗೆ ಹಾಕಿ ಕಳ್ಳ ಅಂತ ಬರೆದರೆ 356ನೇ ಸೆಕ್ಷನ್ ಪ್ರಕಾರ ಮಾನನಷ್ಟ. ಕದ್ದವರನ್ನು ಹಿಡಿಯಲಿಕ್ಕೆ ಹೋಗಿ ಧಣಿಯೇ ಆರೋಪಿ ಆದ ಕೇಸುಗಳನ್ನು ನಾನು ನೋಡಿದ್ದೇನೆ.

ಹೆದರಿಸಿ ಬರೆಸಿಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 22ನೇ ಸೆಕ್ಷನ್ ನೋಡಿ. ಅಧಿಕಾರದಲ್ಲಿ ಇರುವವರು ಬೆದರಿಸಿ ಅಥವಾ ಆಸೆ ತೋರಿಸಿ ಹೇಳಿಸಿದ್ದಕ್ಕೆ ಕ್ರಿಮಿನಲ್ ಕೇಸಿನಲ್ಲಿ ಬೆಲೆ ಇಲ್ಲ. ಕೆಲಸ ಕೊಟ್ಟ ಧಣಿಯೂ ಆ ಅಧಿಕಾರದಲ್ಲಿ ಇರುವವರೇ ಆಗಬಹುದು. "ಒಪ್ಪಿಕೊಂಡರೆ ಪೊಲೀಸಿಗೆ ಕೊಡುವುದಿಲ್ಲ" ಅನ್ನುವುದೂ ಆಸೆ ತೋರಿಸಿದ ಹಾಗೆಯೇ. ಸುಳ್ಳು ಪತ್ತೆ ಯಂತ್ರದ ಬಗ್ಗೆ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಒಪ್ಪಿಗೆ ಇಲ್ಲದೆ ಅದನ್ನು ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಕಳವು ಸಾಬೀತಾದರೆ ಶಿಕ್ಷೆ ಸಣ್ಣದಲ್ಲ. ಕೆಲಸದವರು ಧಣಿಯ ಸೊತ್ತು ಕದ್ದರೆ ನ್ಯಾಯ ಸಂಹಿತೆಯ 306, ಒಪ್ಪಿಸಿದ ಸೊತ್ತಿನಲ್ಲಿ ದ್ರೋಹ ಮಾಡಿದರೆ 316(4). ಎರಡಕ್ಕೂ 7 ವರ್ಷದ ವರೆಗೆ ಜೈಲು ಮತ್ತು ದಂಡ. 2024ರ ಜುಲೈ 1ಕ್ಕಿಂತ ಮೊದಲು ನಡೆದದ್ದಾದರೆ ಹಳೆಯ ದಂಡಸಂಹಿತೆಯ 381 ಮತ್ತು 408.

ಕ್ಯಾಮರಾ ದೃಶ್ಯ ಸಾಕ್ಷಿ ಆಗಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಯಂತ್ರ ನೋಡಿಕೊಳ್ಳುವವರು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಫೈಲಿನ ಹ್ಯಾಶ್ ಸಂಖ್ಯೆ, ಅಂದರೆ ಫೈಲನ್ನು ಆಮೇಲೆ ಬದಲಾಯಿಸಿದರೆ ಗೊತ್ತಾಗುವ ಹಾಗೆ ಕಂಪ್ಯೂಟರ್ ಕೊಡುವ ಗುರುತು, ಬರೆಯಬೇಕು. ಮೊಬೈಲಿನಲ್ಲಿ ಪರದೆಯ ವಿಡಿಯೋ ತೆಗೆದು ಇಟ್ಟುಕೊಂಡು ಸಾಕ್ಷಿ ಉಂಟು ಅಂತ ಬರಬೇಡಿ.

ಕೆಲಸದಿಂದ ತೆಗೆಯುವುದಾದರೂ ಕ್ರಮ ಉಂಟು. ಕೇರಳದ 1960ರ ಅಂಗಡಿ ಕಾನೂನಿನ ಪ್ರಕಾರ ಆರು ತಿಂಗಳು ನಿರಂತರ ದುಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ನೋಟಿಸ್ ಇಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ, ಸಾಕ್ಷ್ಯ ದಾಖಲಿಸಿ, ತಪ್ಪು ಸಾಬೀತಾಗಿರಬೇಕು. ಆರೋಪಪತ್ರ ಅವರಿಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಕನ್ನಡ ಮಾತ್ರ ಓದುವವರಿಗೆ ಮಲೆಯಾಳದಲ್ಲಿ ಕೊಡಬೇಡಿ, ಮಲೆಯಾಳ ಮಾತ್ರ ಓದುವವರಿಗೆ ಕನ್ನಡದಲ್ಲಿ ಕೊಡಬೇಡಿ. ಪೊಲೀಸ್ ಠಾಣೆಗೆ ನೀವು ದೂರನ್ನು ಕನ್ನಡದಲ್ಲೇ ಬರೆದು ಕೊಡಿ. ನಿಮ್ಮ ಹೇಳಿಕೆ ಮಲೆಯಾಳದಲ್ಲಿ ಬರೆದುಕೊಂಡರೆ ಓದಿ ಹೇಳಿಸಿ, ಅರ್ಥ ಆದ ಮೇಲೆಯೇ ಸಹಿ ಹಾಕಿ.

ಮುಳ್ಳೇರಿಯ, ನಿವೃತ್ತ ಮಾಸ್ತರು

ನಾನು ವ್ಯಾಪಾರಿ ಅಲ್ಲ. ಪ್ರಮಾಣದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಕಳೆದುಹೋದ ವಸ್ತುವಿಗೆ ಕೊರಗಜ್ಜ ದೈವಕ್ಕೆ ಹೇಳಿಕೊಳ್ಳುವುದು ನಮ್ಮ ಕಡೆಯ ನಂಬಿಕೆ. ನನಗೂ ಆ ನಂಬಿಕೆ ಉಂಟು. ಆದರೆ ಅದು ಹೇಳಿಕೊಳ್ಳುವವರ ಮತ್ತು ಅಜ್ಜನ ನಡುವಿನ ವಿಷಯ. ಒಂಬತ್ತು ಜನರನ್ನು ಕರೆದು ಸಾಲಾಗಿ ನಿಲ್ಲಿಸಿದರೆ ಅದರಲ್ಲಿ ಎಂಟು ಜನ ತಪ್ಪು ಮಾಡದವರೇ ಇರಬಹುದು. ಅವರಿಗೆ ಊರಲ್ಲಿ ಆಗುವ ಅವಮಾನವನ್ನು ಆಮೇಲೆ ಯಾರು ತೊಳೆಯುತ್ತಾರೆ? ನಿಮ್ಮಲ್ಲಿ ಬ್ಯಾರಿ, ಮಾಪಿಳ್ಳೆ, ಕ್ರೈಸ್ತ ಹುಡುಗರು ದುಡಿಯುತ್ತಿದ್ದರೆ ಅವರನ್ನು ಎಲ್ಲಿ ನಿಲ್ಲಿಸುತ್ತೀರಿ? ಅಮ್ಮನಿಗೆ ಬೇಸರ ಆಗದ ಹಾಗೆ ಹೇಳಿ ಮಗಾ. ಹರಕೆ ಮನೆಯವರೇ ಹೇಳಿಕೊಳ್ಳಲಿ. ಕೆಲಸದವರನ್ನು ಎಳೆಯುವುದು ಬೇಡ.

ಕಾಸರಗೋಡು, ಚಿನ್ನದ ಅಂಗಡಿ

ನಮ್ಮಲ್ಲಿ ಬೆಳಗ್ಗೆ ಟ್ರೇ ತೂಗಿ ಹೊರಗೆ, ರಾತ್ರಿ ತೂಗಿ ಒಳಗೆ. ತೂಗುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ಈ ಜೋಡಿ ವಾರ ವಾರ ಬದಲಾಗುತ್ತದೆ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಆಭರಣಕ್ಕೆ ಒಂದೊಂದಕ್ಕೂ ಬೇರೆ ಬೇರೆ ಇರುವ ಆರು ಅಕ್ಷರ-ಅಂಕೆಗಳ ಗುರುತು, ಅಂದರೆ ಎಚ್‌ಯುಐಡಿ ಕಡ್ಡಾಯ ಆದ ಮೇಲೆ ಒಂದು ಸರ ತೆಗೆದು ಅದರ ಜಾಗಕ್ಕೆ ಇನ್ನೊಂದು ಇಡುವುದು ಕಷ್ಟ ಆಗಿದೆ. 2 ಗ್ರಾಂಗಿಂತ ಕಡಿಮೆಯದ್ದಕ್ಕೆ ಅದು ಕಡ್ಡಾಯ ಇಲ್ಲ. ಮೂಗುತಿ, ಸಣ್ಣ ಓಲೆ ಎಲ್ಲ ಅದರಲ್ಲೇ ಬರುತ್ತದೆ. ಅದಕ್ಕೇ ಅವುಗಳನ್ನು ತೂಗುವುದರ ಜೊತೆ ಎಣಿಸುತ್ತೇವೆ. ನಿಮ್ಮ ಏಲಕ್ಕಿ, ಬ್ಲೇಡಿಗೂ ಇದೇ ಮಾಡಬಹುದು. ಇಡೀ ಅಂಗಡಿ ಎಣಿಸಬೇಡಿ. ಇಪ್ಪತ್ತು ಐಟಂ ಆರಿಸಿ ದಿನಾ ಎಣಿಸಿ.

ಬದಿಯಡ್ಕದ ಅಂಗಡಿಯವ

ಸ್ವಲ್ಪ ಸಮಯದ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ ಹಾಗೆ ಮಾಡುತ್ತಾ ಇದ್ದೆವು.

ಮೊದಲು ಎಲ್ಲರನ್ನೂ ಕೂರಿಸಿ ಮಾತಾಡಿದೆ. ಸ್ಟಾಕ್ ಕಡಿಮೆ ಬಂದಿದೆ, ಯಾರ ಮೇಲೂ ಆರೋಪ ಇಲ್ಲ, ಇನ್ನು ಮುಂದೆ ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್, ನನಗೂ ಸೇರಿ ಅಂತ ಹೇಳಿದೆ. ಆಮೇಲೆ ದಿನಾ ಬೆಳಗ್ಗೆ ಇಪ್ಪತ್ತು ಐಟಂ ಎಣಿಕೆ. ಎಣಿಸುವ ಜೋಡಿ ಬದಲಾಗುತ್ತಾ ಇರುತ್ತದೆ.

ಎಣಿಕೆಯಲ್ಲಿ ಒಂದು ವಿಷಯ ಎದ್ದು ಕಂಡಿತು. ತುಪ್ಪ ಮತ್ತು ಹಾಲಿನ ಪುಡಿ ಕಪಾಟಿನಿಂದ ಹೋಗುತ್ತಿರಲಿಲ್ಲ. ಕಪಾಟಿಗೆ ಬರುವ ಮೊದಲೇ ಕಡಿಮೆ ಇತ್ತು. ಒಂದು ಸಪ್ಲೈ ವ್ಯಾನ್ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬರುತ್ತದೆ. ಆಗ ಕಸ ಗುಡಿಸುವುದು, ಹಾಲು ಇಳಿಸುವುದು, ತರಕಾರಿ ಜೋಡಿಸುವುದು ಎಲ್ಲ ಒಟ್ಟಿಗೆ ನಡೆಯುತ್ತಾ ಇರುತ್ತದೆ. ಬಿಲ್ಲಿನಲ್ಲಿ ಇದ್ದಷ್ಟು ಬಾಕ್ಸ್ ಇಳಿಯುತ್ತಿತ್ತು. ಆದರೆ ಒಂದೊಂದು ಬಾಕ್ಸಿನ ಟೇಪ್ ಮೊದಲೇ ಬಿಚ್ಚಿ ಮತ್ತೆ ಅಂಟಿಸಿದ್ದು. ಒಳಗೆ ಒಂದೆರಡು ಪ್ಯಾಕೆಟ್ ಇಲ್ಲ. ನಮ್ಮವರು ಬಾಕ್ಸ್ ಎಣಿಸಿ ಸಹಿ ಹಾಕುತ್ತಿದ್ದರು, ತೆರೆದು ನೋಡುತ್ತಿರಲಿಲ್ಲ. ಟೇಪ್ ಎರಡು ಪದರ ಇದ್ದ ಬಾಕ್ಸುಗಳನ್ನು ವ್ಯಾನಿನವರ ಎದುರೇ ತೂಗಿ, ಫೋಟೋ ತೆಗೆದು, ಅವರ ಬಿಲ್ಲಿನಲ್ಲೇ ಕಡಿಮೆ ಅಂತ ಬರೆಸಿದೆವು. ಏಜೆನ್ಸಿಯವರು ಬಂದು ನೋಡಿ ಕ್ರೆಡಿಟ್ ನೋಟ್ ಕೊಟ್ಟರು. ನಷ್ಟದ ದೊಡ್ಡ ಪಾಲು ಇದೇ ಆಗಿತ್ತು. ನಮ್ಮ ಕೆಲಸದವರಲ್ಲಿ ಯಾರೂ ಇದರಲ್ಲಿ ಸೇರಿದ ಹಾಗೆ ಕಾಣಲಿಲ್ಲ.

ಕೌಂಟರಿನಲ್ಲಿ ಮಾತ್ರ ಕಳವು ಉಂಟು. ಸಾಫ್ಟ್‌ವೇರಿನವರು ಹೇಳಿದ ಹೋಲ್ಡ್ ರಿಪೋರ್ಟ್ ತೆಗೆದಾಗ ಸಂಜೆ ಐದರಿಂದ ಏಳರ ನಡುವೆ ಒಂದೇ ಕೌಂಟರಿನಲ್ಲಿ ಸಾಲು ಸಾಲು ಹೋಲ್ಡ್, ರಾತ್ರಿ ಎಲ್ಲ ಅಳಿಸಿದ್ದು. ಪಾಸ್‌ವರ್ಡ್ ಬದಲಾದ ಮೇಲೂ ಸ್ವಲ್ಪ ದಿನ ನಡೆದಿದೆ, ಆಗ ಯಾರು ಅಂತ ಗೊತ್ತಾಯಿತು. ನೋಟಿಸ್ ಕೊಟ್ಟಿದ್ದೇನೆ, ಲಿಖಿತ ಉತ್ತರ ಬಂದಿದೆ, ವಿಚಾರಣೆ ನಡೆಯುತ್ತಾ ಇದೆ. ಅವರ ಬಗ್ಗೆ ಇಲ್ಲಿ ಇನ್ನು ಏನೂ ಬರೆಯುವುದಿಲ್ಲ. ಅವರಿಗೂ ಮನೆ ಮಕ್ಕಳು ಇದ್ದಾರೆ, ಊರು ಸಣ್ಣದು. ಬೈಕಿನ ಹುಡುಗನ ಹತ್ತಿರ ಬೈಕಿನ ಬಗ್ಗೆ ನಾವು ಕೇಳಲೇ ಇಲ್ಲ. ಕೇಳುವ ಅಗತ್ಯ ಬರಲಿಲ್ಲ.

ವಿಚಾರಣೆಗೆ ಕೂತಾಗ ಮಾತು ಹೇಗೆ ಶುರು ಮಾಡಬೇಕು ಅಂತ ಉಪ್ಪಳದ ಅಣ್ಣ ಹೇಳಬಹುದಾ?

ಉಪ್ಪಳ, ಗಲ್ಫ್ ಬಿಟ್ಟು ಬಂದವ

ಒಬ್ಬರೇ ಕೂರಬೇಡಿ. ಇನ್ನೊಬ್ಬರು ಬರೆದುಕೊಳ್ಳಲಿ. ಎದುರು ಇರುವವರು ಹೆಂಗಸಾದರೆ ಕೋಣೆಯಲ್ಲಿ ಇನ್ನೊಬ್ಬ ಹೆಂಗಸು ಇರಲೇಬೇಕು. ಬಾಗಿಲು ಅವರ ಹಿಂದೆ ಇರಲಿ, ಬೀಗ ಬೇಡ. ಎದ್ದು ಹೋಗಬಹುದು ಅಂತ ಮೊದಲೇ ಹೇಳಿ.

ಕದ್ದಿದ್ದೀರಾ ಅಂತ ಕೇಳಬೇಡಿ. ಅದಕ್ಕೆ ಉತ್ತರ ಇಲ್ಲ ಅಂತಲೇ ಬರುತ್ತದೆ. ಹೋಲ್ಡ್ ಯಾವಾಗ ಒತ್ತುತ್ತೀರಿ, ಆಮೇಲೆ ಅದನ್ನು ಏನು ಮಾಡುತ್ತೀರಿ ಅಂತ ಕೇಳಿ. ಅವರು ಹೇಳುವುದನ್ನು ಪೂರ್ತಿ ಬರೆದುಕೊಳ್ಳಿ. ನಡುವೆ ತಡೆಯಬೇಡಿ. ರಿಪೋರ್ಟ್ ಆಮೇಲೆ ಇಡಿ, ಒಂದು ಸಲಕ್ಕೆ ಒಂದೇ ಬಿಲ್ಲು. ಅವರು ಕೊಟ್ಟ ಕಾರಣ ನಿಜ ಇರಬಹುದು, ಅದನ್ನು ಪರೀಕ್ಷೆ ಮಾಡಿ. ಗಿರಾಕಿ ದುಡ್ಡು ಸಾಕಾಗದೆ ಸಾಮಾನು ಬಿಟ್ಟು ಹೋದರು ಅಂದರೆ ಆ ನಿಮಿಷದ ಕ್ಯಾಮರಾ ನೋಡಿ. ಗಿರಾಕಿ ಚೀಲ ಹಿಡಿದು ಹೋದರೋ ಖಾಲಿ ಕೈಯಲ್ಲಿ ಹೋದರೋ ಕಾಣುತ್ತದೆ.

ಕಾಸರಗೋಡು, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿ ಕೊಡುವವ

ಕ್ಯಾಮರಾ ನೋಡುವ ಮೊದಲು ಗಡಿಯಾರ ನೋಡಿ. ಕ್ಯಾಮರಾ ದೃಶ್ಯ ಉಳಿಸುವ ಡಿವಿಆರ್ ಪೆಟ್ಟಿಗೆಯ ಸಮಯವೂ ಬಿಲ್ಲಿಂಗ್ ಕಂಪ್ಯೂಟರಿನ ಸಮಯವೂ ಒಂದೇ ಇರುವುದು ಅಪರೂಪ. ಏಳೆಂಟು ನಿಮಿಷ ವ್ಯತ್ಯಾಸ ಇದ್ದರೆ ಬೇರೆಯವರು ಕೂತ ಹೊತ್ತಿನ ದೃಶ್ಯ ನೋಡಿ ಇವರ ಮೇಲೆ ಹಾಕುತ್ತೀರಿ. ಒಂದು ಬಿಲ್ಲು ಹೊಡೆದು, ಅದು ಕ್ಯಾಮರಾದಲ್ಲಿ ಎಷ್ಟು ಗಂಟೆಗೆ ಕಾಣುತ್ತದೆ ನೋಡಿ, ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಬೇಕಾದ ದೃಶ್ಯ ಈಗಲೇ ಬೇರೆ ಡಿಸ್ಕಿಗೆ ತೆಗೆದಿಡಿ. ಹಾರ್ಡ್ ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಸಣ್ಣ ಅಂಗಡಿಗಳಲ್ಲಿ ಎರಡು ವಾರದಲ್ಲೇ ಹೋಗುವುದು ಉಂಟು.

ಕುಂಬಳೆ ವ್ಯಾಪಾರಿ

ಬದಿಯಡ್ಕದವರ ಬಾಕ್ಸಿನ ವಿಷಯ ಓದಿ ನಾವೂ ಇವತ್ತು ಬೆಳಗ್ಗೆ ಬಂದ ಬಾಕ್ಸ್ ತೆರೆದು ನೋಡಿದೆವು. ನಮ್ಮದು ಸರಿ ಇತ್ತು. ಆದರೂ ಇನ್ನು ಮೇಲೆ ತೂಗಿಯೇ ತೆಗೆದುಕೊಳ್ಳುವುದು. ಸಂಬಳ ಕಡಿತದ ಬಗ್ಗೆ ವಕೀಲರ ಹತ್ತಿರ ನೇರವಾಗಿ ಮಾತಾಡುತ್ತೇನೆ. ಹೊಸಂಗಡಿಯ ತಂಗಿ, ಬ್ಯಾಗ್ ಇಡಲು ಬೀಗದ ಕಪಾಟು ಅಂದದ್ದು, ಒಬ್ಬೊಬ್ಬರಿಗೆ ಒಂದಾ?

ಹೊಸಂಗಡಿ, ಜವಳಿ ಅಂಗಡಿಯಲ್ಲಿ ಕೆಲಸ

ಹೌದು ಅಣ್ಣ, ಒಬ್ಬೊಬ್ಬರಿಗೆ ಒಂದು. ಕೀ ನಮ್ಮ ಹತ್ತಿರ, ಇನ್ನೊಂದು ಆಫೀಸಿನಲ್ಲಿ ಕವರಿನೊಳಗೆ. ಕವರಿನ ಮೇಲೆ ನಮ್ಮ ಸಹಿ ಇರುತ್ತದೆ. ನಾವಿಲ್ಲದೆ ತೆರೆದರೆ ಗೊತ್ತಾಗುತ್ತದೆ.

ಪೆರ್ಲ, ಸಣ್ಣ ಅಂಗಡಿ

ನಮ್ಮಲ್ಲಿ ಕಂಪ್ಯೂಟರ್ ಇಲ್ಲ, ಕೆಲಸಕ್ಕೆ ಇಬ್ಬರೇ. ನೋಟ್ ಪುಸ್ತಕದ ಲೆಕ್ಕ. ನಮ್ಮಂಥವರು ಏನು ಮಾಡಬಹುದು?

ಕಾಸರಗೋಡು, ಚಿನ್ನದ ಅಂಗಡಿ

ಪುಸ್ತಕವೇ ಸಾಕು. ಹತ್ತು ಐಟಂ ಆರಿಸಿ, ಒಂದೊಂದಕ್ಕೆ ಒಂದು ಪುಟ. ನಿನ್ನೆ ಇದ್ದದ್ದು, ಬಂದದ್ದು, ಮಾರಿದ್ದು, ಇವತ್ತು ಇರುವುದು. ಎಣಿಕೆ ರಾತ್ರಿ ಇಡಬೇಡಿ, ಆಗ ಎಲ್ಲರಿಗೂ ಮನೆಗೆ ಹೋಗುವ ಅವಸರ. ಬೆಳಗ್ಗೆ ಮೊದಲ ಗಿರಾಕಿ ಬರುವ ಮೊದಲು ಎಣಿಸಿ. ಆ ಇಬ್ಬರಲ್ಲಿ ಒಬ್ಬರು ಎಣಿಸಲಿ, ಇನ್ನೊಬ್ಬರು ಬರೆಯಲಿ, ಮರುದಿನ ಅದಲು ಬದಲು. ವಾರಕ್ಕೊಮ್ಮೆ ನೀವೇ ಎಣಿಸಿ.